ಪಕ್ಕದ ಜಾಗ

ತುಂಬಿದ ಬಸ್ಸಿನಲ್ಲಿ ಒಂದು ಜಾಗ ಖಾಲಿ ಉಳಿದರೆ ಅದಕ್ಕೊಂದು ಕಾರಣವಿರಲೇಬೇಕು. ಕಲಬುರಗಿಯಿಂದ ಕಮಲಾಪುರದ ಕಡೆಗೆ ಹೊರಟ ಆ ಬಸ್ಸಿನಲ್ಲಿ ಜನ ಒಂಟಿಗಾಲಿನಲ್ಲಿ ನಿಂತಿದ್ದರು. ಕಿಟಕಿಯ ಬಳಿ ಕುಳಿತಿದ್ದ ಹಸಿರು ಸೀರೆಯವಳ ಪಕ್ಕಕ್ಕೆ ಮಾತ್ರ ಯಾರೂ ಸುಳಿಯಲಿಲ್ಲ. ಕೈತುಂಬ ಬಳೆ, ಮುಡಿತುಂಬ ಹೂವು, ದನಿಯಷ್ಟೇ ಗಡಸು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಮಂಗಳಮುಖಿ ಆಕೆ.

ಕಂಡಕ್ಟರು ಆಕೆಯ ಗುರುತಿನ ಚೀಟಿಯನ್ನು ನೋಡಿದ, ಮುಖವನ್ನು ನೋಡಿದ, ಮತ್ತೆ ಚೀಟಿಯನ್ನು ನೋಡಿ ಶೂನ್ಯ ದರದ ಟಿಕೆಟ್ಟನ್ನು ಹರಿದುಕೊಟ್ಟ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಲ್ಲಿ ಸ್ತ್ರೀಯರೊಡನೆ ಇವರಿಗೂ ಉಚಿತ ಪ್ರಯಾಣದ ಹಕ್ಕುಂಟು.

ಕಾಗದವನ್ನೂ ಮುಖವನ್ನೂ ತಾಳೆ ನೋಡುವ ಈ ನೋಟಕ್ಕೆ ಹಳೆಯ ಚರಿತ್ರೆಯಿದೆ. ಗುಲ್ಬರ್ಗವು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಫಸಲಿ 1329ರಲ್ಲಿ, ಎಂದರೆ 1919ರಲ್ಲಿ, ಆ ಸಂಸ್ಥಾನ ಒಂದು ಕಾಯಿದೆ ಮಾಡಿತು. ರಾಜಧಾನಿಯಲ್ಲಿಯೂ ಸರ್ಕಾರ ಸೂಚಿಸುವ ಇತರ ಸ್ಥಳಗಳಲ್ಲಿಯೂ ಇಂಥವರ ಹೆಸರು, ವಿಳಾಸಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಹಾಗೆ ದಾಖಲಾದವರು ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಂಡರೆ, ಒಡವೆಯಿಟ್ಟರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆ. ತೆಲಂಗಾಣದಲ್ಲಿ ಉಳಿದುಕೊಂಡಿದ್ದ ಆ ಕಾಯಿದೆಯನ್ನು ಅಲ್ಲಿಯ ಉಚ್ಚ ನ್ಯಾಯಾಲಯ ರದ್ದು ಮಾಡಿದ್ದು 2023ರ ಜುಲೈ 6ರಂದು. ಇಲ್ಲಿ ಉಚಿತ ಟಿಕೆಟ್ಟು ಬಂದು ಆಗ ಒಂದು ತಿಂಗಳೂ ಆಗಿರಲಿಲ್ಲ!

ದಫ್ತರಗಳಲ್ಲಿ ಹೀಗೆ ಸಿಕ್ಕಿಬಿದ್ದ ಬಾಳನ್ನು ಬಿಡಿಸುವ ಬಗೆ ಹೇಗೆ? ಚೇಸ್ ಜಾಯ್ಂಟ್ ಎಂಬವರು 2022ರಲ್ಲಿ ತೆರೆಗೆ ತಂದ ‘ಫ್ರೇಮಿಂಗ್ ಆಗ್ನೆಸ್’ ಎಂಬ ಸಾಕ್ಷ್ಯಚಿತ್ರ ಒಂದು ದಾರಿ ತೋರುತ್ತದೆ. 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲಿ ಸಮಾಜಶಾಸ್ತ್ರಜ್ಞ ಹ್ಯಾರೊಲ್ಡ್ ಗಾರ್ಫಿಂಕೆಲ್ ಇಂಥವರನ್ನು ಪ್ರಶ್ನಿಸಿ ಉತ್ತರಗಳನ್ನು ದಾಖಲಿಸಿದ್ದ. ಇಂದಿನ ಲಿಂಗಪರಿವರ್ತಿತ ನಟನಟಿಯರು ಆ ಮಾತುಗಳನ್ನು ಅಭಿನಯಿಸುತ್ತಾರೆ. ನಡುವೆ ಪಾತ್ರದಿಂದ ಹೊರಬಂದು ತಮ್ಮ ಅಭಿಪ್ರಾಯವನ್ನೂ ಹೇಳುತ್ತಾರೆ. ಆಗ್ನೆಸ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ತರುಣಿ ತಾನು ಗುಟ್ಟಾಗಿ ಔಷಧ ಸೇವಿಸಿದ್ದನ್ನು ಮುಚ್ಚಿಟ್ಟು, ಬಯಸಿದ ಶಸ್ತ್ರಚಿಕಿತ್ಸೆಯನ್ನು ಪಡೆದಳು. ಕೇಳುವವನ ಕೈಯಲ್ಲಿ ಲೇಖನಿಯಿರುವಾಗ ಹೇಳದೆ ಉಳಿಸಿಕೊಂಡದ್ದೇ ಬಡವರ ಆಸ್ತಿಯಲ್ಲವೆ?

ನಮ್ಮ ಸೀಮೆಯಲ್ಲಿ ಅಂಥ ಚಿತ್ರ ತೆಗೆಯುವವರು ಆ ಕಾಯಿದೆಯನ್ನು ತಿರುಗಿಸಿ ಓದಬೇಕಾದೀತು. ಅಪರಾಧಗಳ ಪಟ್ಟಿಯೇ ಅಲ್ಲಿ ಬಾಳಿನ ವರ್ಣನೆ: ಅವರು ಸೀರೆಯುಟ್ಟರು, ಒಡವೆಯಿಟ್ಟರು, ಕುಣಿದರು. ಉಳಿದುದು ಮೈಯಿಂದ ಮೈಗೆ ಇಳಿದುಬಂದಿದೆ. ಹಿರಿಯ ಜೋಗತಿಯರಿಂದ ಕುಣಿತ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಆ ಕೈಚಲನೆಯನ್ನು ಅವರಿಗೆ ಯಾವ ದಫ್ತರವೂ ಕಲಿಸಿರಲಿಲ್ಲ.

ಬಸ್ಸು ಊರಂಚಿನಲ್ಲಿ ನಿಂತಿತು. ಕೆಂಪು ಬಾಳೆಹಣ್ಣು ಮಾರಿ ಬರಿದಾದ ಬುಟ್ಟಿಯೊಡನೆ ಮುದುಕಿಯೊಬ್ಬಳು ಹತ್ತಿ, ಖಾಲಿ ಜಾಗವನ್ನು ಕಂಡು ನೇರವಾಗಿ ಬಂದಳು.

“ಯವ್ವಾ, ಜರಾ ಸರಿ.”

“ಬರ್ರಿ ಆಯಿ, ಕುಂದರ್ರಿ.”

ಸ್ವಲ್ಪ ದೂರ ಸಾಗಿದ ಮೇಲೆ ಮುದುಕಿ, ಹಳ್ಳಿಯವರು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದಳು: “ಯಾವೂರು? ಯಾರ ಪೈಕಿ?”

ಹಸಿರು ಸೀರೆಯವಳು ಬಹಳ ಹೊತ್ತು ಕಿಟಕಿಯಾಚೆ ನೋಡಿದಳು. ಊರು ಕಮಲಾಪುರವೆಂದಳು. ತಂದೆಯ ಹೆಸರನ್ನು ಹೇಳಲಿಲ್ಲ. ಮೆಲ್ಲನೆ ತಾಯಿಯ ಹೆಸರನ್ನು ಹೇಳಿದಳು.

“ಅಕೀ ಮಗಳೇನ? ಹಂಗಾರ ನಮ್ಮಾಕಿನೇ” ಎಂದಳು ಮುದುಕಿ.

ಕಮಲಾಪುರ ಬಂದಾಗ ಬುಟ್ಟಿಯನ್ನು ಕೆಳಗಿಳಿಸಿಕೊಟ್ಟವಳು ಹಸಿರು ಸೀರೆಯವಳೇ.