ಒಂದೇ ಒಂದು ಬೇರಿಂಗು

ನಮ್ಮ ಮನೆಯವರದು ಹಿಟ್ಟಿನ ಮಿಲ್ಲು ಎಂದು ನಿಮಗೆಲ್ಲ ಗೊತ್ತೇ ಇದೆ. ನಿಮ್ಮ ಮನೆಗಳ ರಾಗಿಯೂ ಅಲ್ಲೇ ಹಿಟ್ಟಾಗುವುದು. ಕಳೆದ ಬೇಸಿಗೆ ರಜೆಯಲ್ಲಿ ಅದು ಹನ್ನೊಂದು ದಿನ ನಿಂತಿತ್ತು. ಆಗ ನೀವೆಲ್ಲ ತಲೆ ಮೇಲೆ ರಾಗಿ ಚೀಲ ಹೊತ್ತು ಪಕ್ಕದೂರಿಗೆ ಹೋಗಿ ಬಂದಿರಿ. ಕೆಲವರು ನಮ್ಮನ್ನು ಬೈದುಕೊಂಡಿದ್ದೂ ನನಗೆ ಗೊತ್ತು. ಅದು ಯಾಕೆ ನಿಂತಿತ್ತು, ಹೇಗೆ ಮತ್ತೆ ಶುರುವಾಯಿತು ಅಂತ ಬರೆಯುತ್ತೇನೆ.

ಮಿಲ್ಲಿನ ಮೋಟಾರಿನಲ್ಲಿ ಬೇರಿಂಗು ಇರುತ್ತದೆ. ಎರಡು ಉಕ್ಕಿನ ಬಳೆ, ಒಂದರೊಳಗೆ ಒಂದು, ನಡುವೆ ಗೋಲಿಯಂಥ ಉಕ್ಕಿನ ಗುಂಡುಗಳು. ಒಳಗಿನ ಬಳೆ ಶಾಫ್ಟನ್ನು ಹಿಡಿದುಕೊಂಡು ತಿರುಗುತ್ತದೆ, ಹೊರಗಿನದು ಸುಮ್ಮನೆ ಕೂತಿರುತ್ತದೆ. ನಮ್ಮ ಮೋಟಾರಿನ ಜೊತೆ ಬಂದಿದ್ದ ಬೇರಿಂಗು ಒಂಬತ್ತು ವರ್ಷ ಓಡಿತು. ಅದು ಸವೆದು ಗರ್‍ರ್ ಎಂದಾಗ ಅಪ್ಪ ಪೇಟೆಯಿಂದ ಬೇರೆ ತಂದು ತಾವೇ ಹಾಕಿದರು. ಅದು ಇಪ್ಪತ್ತು ದಿನಕ್ಕೇ ಕೂಗಲು ಶುರು ಮಾಡಿತು. ಮೋಟಾರು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಅಪ್ಪ ಸ್ವಿಚ್ ಆರಿಸಿಬಿಟ್ಟರು. "ಅಂಗಡಿಯೋನು ಡೂಪ್ಲಿಕೇಟ್ ಕೊಟ್ಟವ್ನೆ" ಅಂತ ಅಂಗಡಿಯವನನ್ನು ದಿನಾ ಬೈಯುತ್ತಿದ್ದರು.

ಅಜ್ಜಿ ಮೂಲೆಯಲ್ಲಿದ್ದ ಬೀಸೋ ಕಲ್ಲು ತೊಳೆದು ನಮ್ಮ ಮನೆಗೆ ಬೇಕಾದಷ್ಟು ಹಿಟ್ಟು ಬೀಸಿಕೊಂಡರು. ಆದರೆ ಊರಿಗೆಲ್ಲ ಬೀಸಲು ಆಗುತ್ತದಾ? ಅಪ್ಪನಿಗೆ ದುಡ್ಡು ಹೋಗುತ್ತಿದೆ ಎನ್ನುವುದಕ್ಕಿಂತ ಬೇರೆಯೇ ಭಯ. "ಕಾಲು ಒಂದ್ಸಲ ಪಕ್ಕದೂರಿನ ದಾರಿ ಕಲಿತ್ರೆ ಮತ್ತೆ ಇತ್ತ ತಿರುಗಲ್ಲ" ಅನ್ನುತ್ತಿದ್ದರು. ರಾತ್ರಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಅಸಲಿ ಬೇರಿಂಗು ತರಬೇಕು ಅಂತ ಅಪ್ಪ ನನ್ನಿಂದ ಮೊಬೈಲಿನಲ್ಲಿ ಹುಡುಕಿಸಿದರು. ಕಾರ್ಖಾನೆಗಳಿಗೆ ಸಾಮಾನು ಕೊಡುವ ಬೆಂಗಳೂರಿನ ಒಂದು ದೊಡ್ಡ ಕಂಪನಿಯ ನಂಬರ್ ಸಿಕ್ಕಿತು. ಫೋನಿನಲ್ಲಿ ಒಬ್ಬ ಅಕ್ಕ "ಎಷ್ಟು ಪೀಸ್ ಬೇಕು ಸರ್?" ಅಂದರು. ಅಪ್ಪ "ಒಂದು" ಅಂದರು. "ಒಂದು ಬಾಕ್ಸಾ ಸರ್?" "ಅಲ್ಲಮ್ಮ, ಒಂದೇ ಒಂದು." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಿಮ್ಮ ಕಂಪನಿ ಲೆಟರ್‌ಹೆಡ್‌ನಲ್ಲಿ ಆರ್ಡರ್ ಕಳಿಸಿ, ಜಿಎಸ್‌ಟಿ ನಂಬರ್ ಹಾಕಿ" ಎಂದು ಹೇಳಿ ಇಟ್ಟುಬಿಟ್ಟರು. "ಲೆಟರ್‌ಹೆಡ್ ಅಂದ್ರೆ ಏನು ಮಗಾ?" ಅಂತ ಅಪ್ಪ ಕೇಳಿದರು. ನಮ್ಮ ಶಾಲೆಯ ಹೆಸರು ಮೇಲೆ ಅಚ್ಚಾಗಿರುವ ಕಾಗದ ಇದೆಯಲ್ಲ, ಅಂಥದ್ದು ಅಂತ ಹೇಳಿದೆ. ನಮ್ಮ ಮಿಲ್ಲಿಗೆ ಹೆಸರೇ ಇಲ್ಲ. ಬೋರ್ಡು ಕೂಡ ಇಲ್ಲ.

ನೇರವಾಗಿ ಹೋಗಿ ಕೇಳೋಣ ಅಂತ ಹೊರಟೆವು. ಬೇರಿಂಗಿನ ಮೇಲಿನ ಸಣ್ಣ ಅಕ್ಷರ ಅಪ್ಪನಿಗೆ ಕಾಣುವುದಿಲ್ಲ, ಅದಕ್ಕೆ ನನ್ನನ್ನು ಕರೆದುಕೊಂಡರು. ಶಕ್ತಿ ಯೋಜನೆ ಇರುವುದರಿಂದ ನನಗೆ ಟಿಕೆಟ್ ದುಡ್ಡಿಲ್ಲ, ಅದೂ ಒಂದು ಕಾರಣ. ಹಳೆಯ ಎರಡೂ ಬೇರಿಂಗನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡೆವು. ಕುಣಿಗಲ್‌ನಲ್ಲಿ ಕೆಎಸ್ಸಾರ್ಟಿಸಿ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಅಲ್ಲಿಂದ ಕೇಳಿಕೊಂಡು ಕೇಳಿಕೊಂಡು ಚಿಕ್ಕಪೇಟೆ, ಅವೆನ್ಯೂ ರಸ್ತೆ ದಾಟಿ ಎಸ್.ಪಿ. ರಸ್ತೆಗೆ ನಡೆದೆವು. ಎಸ್.ಪಿ. ಅಂದರೆ ಪೊಲೀಸ್ ಎಸ್.ಪಿ. ಅಲ್ಲ, ಸಾದರ್ ಪತ್ರಪ್ಪ ಎಂದು. ಅವೆನ್ಯೂ ರಸ್ತೆಯಲ್ಲಿ ಎಲ್ಲಿ ನೋಡಿದರೂ ಪುಸ್ತಕ. ನಿಂತು ನೋಡಬೇಕು ಅನ್ನಿಸಿತು, ಆದರೆ ಅಪ್ಪನ ನಡಿಗೆ ಬಿರುಸಾಗಿತ್ತು. ಎಸ್.ಪಿ. ರಸ್ತೆಯಲ್ಲಿ ಮೋಟಾರು, ವೈರು, ಬೋಲ್ಟು, ನಟ್ಟು, ಕಂಪ್ಯೂಟರ್ ಎಲ್ಲ ಇವೆ. ಗ್ರೀಸಿನ ವಾಸನೆ ನಮ್ಮ ಮಿಲ್ಲಿನ ಹಾಗೇ ಇತ್ತು.

ಆ ಕಂಪನಿಯ ಆಫೀಸು ಮಹಡಿ ಮೇಲೆ ಇತ್ತು. ಗಾಜಿನ ಬಾಗಿಲು. ಅಪ್ಪ ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಅಂತ ನೋಡಿದರು, ಕೊನೆಗೆ ಬಿಟ್ಟೇ ಬಂದರು. ಒಳಗಿದ್ದ ಅಣ್ಣ ಕಂಪ್ಯೂಟರಿನಿಂದ ತಲೆ ಎತ್ತದೆ "ಯಾವ ಕಂಪನಿ?" ಅಂದರು. ಅಪ್ಪ ಸುಮ್ಮನೆ ನಿಂತರು. ನನಗೆ ಏನನ್ನಿಸಿತೋ, ನಮ್ಮೂರ ದೇವರ ಹೆಸರು ಹೇಳಿ ಮುಂದಕ್ಕೆ "ಇಂಡಸ್ಟ್ರೀಸ್" ಅಂತ ಸೇರಿಸಿಬಿಟ್ಟೆ. ಅವರು ಟೈಪ್ ಮಾಡಿ "ಜಿಎಸ್‌ಟಿ ನಂಬರ್ ಹೇಳಮ್ಮ" ಅಂದರು. ಅದು ಹದಿನೈದು ಅಕ್ಷರ ಅಂಕಿ ಸೇರಿದ ನಂಬರಂತೆ, ಕರ್ನಾಟಕದವರದು 29ರಿಂದ ಶುರುವಾಗುತ್ತದಂತೆ. ಇದೆಲ್ಲ ಆಮೇಲೆ ಗೊತ್ತಾಗಿದ್ದು. ಆಗ ನನ್ನ ಬಾಯಿ ಕಟ್ಟಿಹೋಯಿತು.

ಅಪ್ಪ ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದರು. "ಇಲ್ಲ ಸಾರ್, ಮಗು ಸುಳ್ಳು ಹೇಳ್ತು. ಕಂಪನಿ ಗಿಂಪನಿ ಏನೂ ಇಲ್ಲ. ಊರಲ್ಲಿ ಒಂದು ಮಿಲ್ಲು ಮಡಗಿದೀನಿ. ಒಂದು ಬೇರಿಂಗು ಬೇಕಾಗಿತ್ತು" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಅಣ್ಣ ಸಿಟ್ಟು ಮಾಡಲಿಲ್ಲ. "ಇಲ್ಲಿ ಚಿಲ್ಲರೆ ಕೊಡಲ್ಲ ಯಜಮಾನ್ರೇ. ಫ್ಯಾಕ್ಟರಿಗೆ ಮಾತ್ರ" ಅಂದು ಮತ್ತೆ ಕಂಪ್ಯೂಟರ್ ನೋಡತೊಡಗಿದರು.

ನಾವು ತಿರುಗಿಕೊಂಡಾಗ ಒಳಗಿನ ಕಪಾಟುಗಳ ಹತ್ತಿರ ಕೂತಿದ್ದ ವಯಸ್ಸಾದವರೊಬ್ಬರು "ತನ್ನಿ ಇಲ್ಲಿ, ನೋಡೋಣ" ಅಂತ ಕರೆದರು. ಕನ್ನಡಕ ಹಾಕಿಕೊಂಡು ಮೊದಲು ಒಂಬತ್ತು ವರ್ಷ ಓಡಿದ್ದನ್ನು ನೋಡಿದರು. "ಏನು ಬರೆದಿದೆ ಓದು" ಅಂತ ನನಗೇ ಹೇಳಿದರು. ನಾನು "6208 ಝಡ್ ಝಡ್ ಸಿ3" ಅಂತ ಓದಿದೆ. ಅವರು ಪಾಠ ಮಾಡುವ ಹಾಗೆ ವಿವರಿಸಿದರು. ಕೊನೆಯ 08ನ್ನು 5ರಿಂದ ಗುಣಿಸಿದರೆ 40. ಒಳಗಿನ ತೂತು 40 ಮಿಲಿಮೀಟರ್. ಹೊರಗೆ 80, ದಪ್ಪ 18. 6308 ತಂದರೆ ತೂತು ಅದೇ 40 ಇರುತ್ತದೆ, ಆದರೆ ಹೊರಗೆ 90 ಆಗಿ ಮೋಟಾರಿನಲ್ಲಿ ಕೂರುವುದೇ ಇಲ್ಲ. ಝಡ್ ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ. ಸಿ3 ಅಂದರೆ ಒಳಗಡೆ ಗುಂಡುಗಳಿಗೆ ಮಾಮೂಲಿಗಿಂತ ಸ್ವಲ್ಪ ಹೆಚ್ಚು ಸಡಿಲ. ಮೋಟಾರು ಬಿಸಿಯಾಗಿ ಉಕ್ಕು ಹಿಗ್ಗಿದಾಗ ಬಿಗಿಯಾಗದೆ ಇರಲಿ ಎಂದು ಹಾಗೆ ಮಾಡುತ್ತಾರೆ.

ಇಪ್ಪತ್ತೇ ದಿನ ಓಡಿದ್ದರ ಮೇಲೆ 6208 ಝಡ್ ಝಡ್ ಮಾತ್ರ ಇತ್ತು, ಸಿ3 ಇರಲಿಲ್ಲ. ಅಪ್ಪ "ನೋಡಿದ್ಯಾ" ಎನ್ನುವ ಹಾಗೆ ನನ್ನ ಕಡೆ ನೋಡಿದರು. ಆದರೆ ಆ ತಾತ ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಹೊರಗಿನ ಬಳೆಯ ಅಂಚನ್ನು ಬೆರಳಿನಿಂದ ಸವರಿದರು. ಅಲ್ಲಿ ಮೂರು ನಾಲ್ಕು ಕಡೆ ಹೊಳೆಯುವ ಗುರುತು ಇತ್ತು.

"ಇದನ್ನ ಹಾಕಿದ್ದು ಯಾರು?" ಅಂದರು.

ಅಪ್ಪ ಸ್ವಲ್ಪ ತಡೆದು "ನಾನೇ" ಅಂದರು.

"ಸುತ್ತಿಗೇಲಿ ಹೊರಗಿನ ರಿಂಗಿಗೆ ಹೊಡೆದಿದೀರಿ. ಶಾಫ್ಟು ಹಿಡಿಯೋದು ಒಳಗಿನ ರಿಂಗು. ಹೊರಗೆ ಹೊಡೆದ್ರೆ ಏಟೆಲ್ಲ ಗುಂಡಿನ ಮೇಲೆ ಬಿದ್ದು ಅವು ಓಡೋ ದಾರಿ ಜಜ್ಜಿಹೋಗುತ್ತೆ. ಅಸಲಿ ಹಾಕಿದ್ರೂ ಇದೇ ಗತಿ."

ಅಪ್ಪ ಅಷ್ಟು ದಿನ ಅಂಗಡಿಯವನನ್ನು ಬೈದಿದ್ದರಲ್ಲ, ನನಗೆ ಅವರ ಮುಖ ನೋಡಲು ಆಗಲಿಲ್ಲ. ಆದರೆ ಅವರು ತಪ್ಪಿಸಿಕೊಳ್ಳುವ ಮಾತು ಒಂದೂ ಆಡಲಿಲ್ಲ. "ಹಂಗಾದ್ರೆ ಹೆಂಗೆ ಹಾಕ್ಬೇಕು ಹೇಳಿ ಸಾರ್" ಅಂದರು. ಒಳಗಿನ ಬಳೆಗೆ ಮಾತ್ರ ತಾಗುವಂಥ ಪೈಪಿನ ತುಂಡು ಇಟ್ಟು, ಅದರ ಮೇಲೆ ಮೆಲ್ಲಗೆ ತಟ್ಟಬೇಕಂತೆ.

ಆ ತಾತನೂ ನಮಗೆ ಬೇರಿಂಗು ಕೊಡಲಿಲ್ಲ. ಹಿಂದಿನ ಕಪಾಟಿನ ತುಂಬ ಡಬ್ಬಿಗಳಿದ್ದವು, ಒಂದು ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅದು ಅವರ ಕೈಯಲ್ಲಿ ಇಲ್ಲವಂತೆ. ಚೀಟಿಯಲ್ಲಿ ನಂಬರು ಬರೆದು, ಇದೇ ಮಾಲನ್ನು ಬಿಡಿಬಿಡಿಯಾಗಿ ಮಾರುವ ಅಂಗಡಿಯ ದಾರಿ ಹೇಳಿದರು. "ಜಿಎಸ್‌ಟಿ ನಂಬರ್ ಇಲ್ಲದವರಿಗೂ ಬಿಲ್ಲು ಕೊಡ್ತಾರೆ. ಬಿಲ್ಲು ಇಲ್ಲದೆ ತಗೋಬೇಡಿ" ಅಂದರು.

ಎರಡನೇ ಗಲ್ಲಿಯ ಆ ಅಂಗಡಿ ನಮ್ಮೂರ ಪೆಟ್ಟಿಗೆ ಅಂಗಡಿಗಿಂತ ಸ್ವಲ್ಪ ದೊಡ್ಡದು. ಅಲ್ಲಿ ಯಾವ ಕಂಪನಿ ಎಂದು ಯಾರೂ ಕೇಳಲಿಲ್ಲ. ಚೀಟಿ ನೋಡಿ ಡಬ್ಬಿ ತೆಗೆದಿಟ್ಟರು. ನಾನು ಪ್ರತಿ ಅಕ್ಷರವನ್ನೂ ಹಳೆಯದರ ಜೊತೆ ಇಟ್ಟು ನೋಡಿದೆ. ಬೇರಿಂಗಿಗೆ 520 ರೂಪಾಯಿ, ಅದರ ಮೇಲೆ ಕೇಂದ್ರದ ತೆರಿಗೆ 9 ಪರ್ಸೆಂಟು, ರಾಜ್ಯದ್ದು 9 ಪರ್ಸೆಂಟು. ನಾನು ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ, 613 ರೂಪಾಯಿ 60 ಪೈಸೆ. ಬಿಲ್ಲಿನಲ್ಲಿ 614 ಅಂತ ಬಂತು. ಹೆಸರು ಕೇಳಿದಾಗ ಅಪ್ಪ ತಮ್ಮ ಹೆಸರು, ಊರು, ತಾಲ್ಲೂಕು ಎಲ್ಲ ನಿಧಾನವಾಗಿ ಹೇಳಿದರು.

ಬಸ್ಸಿನಲ್ಲಿ ಕೂತ ಮೇಲೆ ಅಪ್ಪ ನನ್ನ ಸುಳ್ಳಿನ ವಿಷಯ ಎತ್ತುತ್ತಾರೆ ಅಂತ ಕಾಯುತ್ತಿದ್ದೆ. ನೆಲಮಂಗಲ ದಾಟಿದ ಮೇಲೆ "ಆ ಹೆಸರು ಚೆನ್ನಾಗೇ ಇತ್ತು ಕಣಮ್ಮ, ಆದ್ರೂ ಹಂಗೆ ಹೇಳ್ಬಾರ್ದು" ಅಂದರು. ಇನ್ನೊಂದು ಸ್ವಲ್ಪ ಹೊತ್ತಾದ ಮೇಲೆ "ಆ ಪೇಟೆ ಅಂಗಡಿಯೋನ್ನೂ ನಾನು ಸುಮ್‌ಸುಮ್ನೆ ಬೈದೆ" ಅಂದರು.

ಶಾಲೆ ತೆರೆದ ಮೇಲೆ ಇದನ್ನು ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಸ್ವೀಡನ್ ದೇಶದ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬುವರ ವಿಷಯ ತಿಳಿಸಿದರು. ಅವರು ಬಟ್ಟೆ ಮಿಲ್ಲಿನಲ್ಲಿ ಎಂಜಿನಿಯರು. ಮಿಲ್ಲು ನಿಂತಿದ್ದ ಜಾಗ ಜೇಡಿಮಣ್ಣು, ನೆಲ ಕುಸಿದು ಶಾಫ್ಟುಗಳು ಓರೆಯಾಗಿ ಬೇರಿಂಗು ಪದೇ ಪದೇ ಹಾಳಾಗುತ್ತಿದ್ದವು. 1907ರಲ್ಲಿ ಅವರು ಶಾಫ್ಟು ಓರೆಯಾದರೂ ತಾನೇ ಹೊಂದಿಕೊಳ್ಳುವ, ಎರಡು ಸಾಲು ಗುಂಡಿನ ಬೇರಿಂಗು ಮಾಡಿದರಂತೆ. ಅವರಿಗೂ ಮಿಲ್ಲು ನಿಂತುಹೋಗುವ ಕಷ್ಟವೇ.

ಮಾರನೇ ದಿನ ಅಪ್ಪ ಪೈಪಿನ ತುಂಡು ಹುಡುಕಿ, ಅದರ ಬಾಯಿ ಅರದಿಂದ ಉಜ್ಜಿ ಸಮ ಮಾಡಿ, ಬೇರಿಂಗು ಕೂರಿಸಿದರು. ನಾನು ಮೋಟಾರಿನ ಶಾಫ್ಟು ಹಿಡಿದುಕೊಂಡಿದ್ದೆ. ಸಾಯಂಕಾಲ ಸ್ವಿಚ್ ಹಾಕಿದಾಗ ಬೆಲ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಜ್ಜಿ ಬೀಸೋ ಕಲ್ಲನ್ನು ಮತ್ತೆ ಮೂಲೆಗೆ ನೂಕಿದರು. ಪಕ್ಕದೂರಿಗೆ ಹೋಗುತ್ತಿದ್ದವರಲ್ಲಿ ಬಹಳ ಜನ ಅದೇ ವಾರ ಬಂದರು. ಎರಡು ಮನೆಯವರು ಇನ್ನೂ ಬಂದಿಲ್ಲ, ಅವರು ಯಾರು ಎಂದು ಇಲ್ಲಿ ಬರೆಯುವುದಿಲ್ಲ.

ಕೆಟ್ಟ ಬೇರಿಂಗು ಎರಡನ್ನೂ ನನ್ನ ತಮ್ಮ ಬೇರಿಂಗ್ ಗಾಡಿ ಮಾಡಲು ಎತ್ತಿಟ್ಟುಕೊಂಡಿದ್ದಾನೆ. ಗಾಡಿಗೆ ಮೂರು ಬೇಕು, ಇನ್ನೊಂದು ಯಾವಾಗ ಕೆಡುತ್ತದೆ ಅಂತ ದಿನಾ ಕೇಳುತ್ತಾನೆ. ಅಪ್ಪ ಸುತ್ತಿಗೆ ತೋರಿಸಿ ಓಡಿಸುತ್ತಾರೆ.