ಪೊರಕೆ ಹಿಡಿದವಳ ಚಿನ್ನ

ಪೊರಕೆ ಹಿಡಿದ ಹೆಂಗಸರಿಗೆ ಒಲಿಂಪಿಕ್ಸಿನಲ್ಲಿ ಚಿನ್ನ ಕೊಡುತ್ತಾರೆಂದರೆ ನಮ್ಮಲ್ಲಿ ನಗದವರು ಯಾರು? ಕರ್ಲಿಂಗ್ ಎಂಬ ಆಟ ಮೊದಲ ನೋಟಕ್ಕೆ ಕಾಣುವುದೇ ಹಾಗೆ. ಮಂಜುಗಡ್ಡೆಯ ಅಂಕಣದ ಮೇಲೆ ಒಬ್ಬಳು ಸುಮಾರು 20 ಕಿಲೋ ತೂಕದ, ಮೇಲೆ ಹಿಡಿಯುಳ್ಳ ಗ್ರಾನೈಟ್ ಕಲ್ಲನ್ನು ಮೆಲ್ಲಗೆ ಜಾರಿಬಿಡುತ್ತಾಳೆ. ಇಬ್ಬರು ಅದರ ಮುಂದೆ ಓಡುತ್ತ ಬ್ರಷ್ಷಿನಿಂದ ಬರಬರನೆ ತಿಕ್ಕುತ್ತಾರೆ. ತಿಕ್ಕಿದಲ್ಲಿ ಮಂಜು ಕೊಂಚ ಬೆಚ್ಚಗಾಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಸಾಗುತ್ತದೆ. ಆಚೆ ತುದಿಯ ವೃತ್ತದ ನಡುವಿಗೆ ಯಾರ ಕಲ್ಲು ಹತ್ತಿರವೋ ಅಂಕ ಅವರದು. ಎಲ್ಲಿ ತಿಕ್ಕಬೇಕು, ಎಲ್ಲಿ ಸಾಕು ಎಂದು ಆ ತುದಿಯಿಂದ ಕೂಗಿ ಹೇಳುವವಳು ನಾಯಕಿ. ಕೊನೆಯ ಎರಡು ಕಲ್ಲು ಬಿಡುವ ಹೊಣೆಯೂ ಸಾಮಾನ್ಯವಾಗಿ ಅವಳದೇ.

ಕೆನಡಾದ ಸಾಂಡ್ರಾ ಶ್ಮಿರ್ಲರ್ ಅಂಥ ನಾಯಕಿ. 1963ರಲ್ಲಿ ಸಸ್ಕಾಚೆವಾನ್ ಪ್ರಾಂತದ ಬಿಗ್ಗರ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದವಳು. ರೆಜೈನಾ ನಗರದ ಒಂದು ಕ್ರೀಡಾಕೇಂದ್ರದಲ್ಲಿ ಕೆಲಸ. ಜಾನ್ ಬೆಟ್ಕರ್, ಜೋನ್ ಮೆಕಸ್ಕರ್, ಮಾರ್ಸಿಯಾ ಗುಡರೈಟ್ ಜೊತೆಗೂಡಿ 1993, 1994, 1997ರಲ್ಲಿ ವಿಶ್ವಚಾಂಪಿಯನ್ ಆದಳು. ಇವೆಲ್ಲ ದೊಡ್ಡವೇ. ಆದರೆ ನನ್ನ ಮನಸ್ಸು ನಿಲ್ಲುವುದು 1997ರ ನವೆಂಬರಿನಲ್ಲಿ.

ಸೆಪ್ಟೆಂಬರಿನಲ್ಲಷ್ಟೇ ಆಕೆಗೆ ಮೊದಲ ಮಗಳು ಹುಟ್ಟಿದ್ದಳು. ನಮ್ಮ ಕಡೆಯಾದರೆ ಬಾಣಂತಿ ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿ, ತಣ್ಣೀರು ಮುಟ್ಟದೆ ಬೆಚ್ಚಗೆ ಕೂತಿರುವ ದಿನಗಳು. ಇವಳೋ ಬ್ರ್ಯಾಂಡನ್ ಊರಿನಲ್ಲಿ ಮಂಜುಗಡ್ಡೆಯ ಮೇಲೆ ಮಂಡಿಯೂರಿದ್ದಳು! ಒಲಿಂಪಿಕ್ಸಿಗೆ ಕೆನಡಾದ ತಂಡವನ್ನು ಆರಿಸುವ ಸ್ಪರ್ಧೆ. ಫೈನಲ್ಲಿನಲ್ಲಿ ಎದುರಾಳಿ ಶಾನನ್ ಕ್ಲೈಬ್ರಿಂಕ್. ಎದುರು ತಂಡದ ಕಲ್ಲು ನಡುವಿನಲ್ಲಿ ಭದ್ರವಾಗಿ ಕೂತಿತ್ತು. ನೇರವಾಗಿ ಮುಟ್ಟಲು ದಾರಿಯಿಲ್ಲ. ಸಾಂಡ್ರಾ ಪಕ್ಕದಲ್ಲಿದ್ದ ಇನ್ನೊಂದು ಕಲ್ಲಿಗೆ ತನ್ನದನ್ನು ತಾಗಿಸಿದಳು. ಅದು ಒಳಕ್ಕೆ ಹೊರಳಿ ನಡುವಿನ ಕಲ್ಲನ್ನು ಹೊರದೂಡಿತು. ಒಂದೇ ಏಟಿಗೆ ಮೂರು ಅಂಕ! ಕೇರಂ ಆಡಿದವರಿಗೆ ಈ ಏಟಿನ ರುಚಿ ಗೊತ್ತಾದೀತು. ಆದರೆ ಇಲ್ಲಿ ದೂರವೂ ಹೆಚ್ಚು, ಕಲ್ಲೂ ಭಾರ.

1998ರ ಫೆಬ್ರವರಿಯಲ್ಲಿ ಜಪಾನಿನ ನಗಾನೊದಲ್ಲಿ ಡೆನ್ಮಾರ್ಕನ್ನು 7-5ರಿಂದ ಸೋಲಿಸಿದರು. ಒಲಿಂಪಿಕ್ಸಿನಲ್ಲಿ ಮಹಿಳೆಯರ ಕರ್ಲಿಂಗಿಗೆ ಅಧಿಕೃತ ಪದಕ ಕೊಟ್ಟದ್ದು ಅದೇ ಮೊದಲು. ಪೊರಕೆಯೆಂದು ನಕ್ಕವರು ಆಮೇಲೇನಂದರೋ!

1999ರ ಜೂನಿನಲ್ಲಿ ಎರಡನೆಯ ಮಗಳು ಹುಟ್ಟಿದಳು. ಅದೇ ವರ್ಷ ಕ್ಯಾನ್ಸರ್ ಪತ್ತೆಯಾಯಿತು. 2000ದ ಫೆಬ್ರವರಿಯಲ್ಲಿ ಕಿರಿಯರ ಪಂದ್ಯಗಳಿಗೆ ಟೀವಿ ವೀಕ್ಷಕ ವಿವರಣೆ ಕೊಡಲು ಹೋದವಳು, ಪತ್ರಕರ್ತರ ಮುಂದೆ ಕೂತು ತನ್ನ ಕಾಯಿಲೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದಳು. ಮಾರ್ಚ್ 2ರಂದು ತೀರಿಕೊಂಡಳು. ವಯಸ್ಸು 36, ಕಿರಿಯ ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಂತ್ಯಸಂಸ್ಕಾರದ ಪ್ರಾರ್ಥನೆಯನ್ನು ಕೆನಡಾ ದೇಶವೇ ಟೀವಿಯಲ್ಲಿ ನೋಡಿತು.

ಮರುವರ್ಷ ಆಕೆಯ ಹೆಸರಿನಲ್ಲೊಂದು ಪ್ರತಿಷ್ಠಾನ ಹುಟ್ಟಿತು. ದಿನ ತುಂಬುವ ಮುನ್ನ ಹುಟ್ಟಿದ, ಕಾಯಿಲೆಯಿಂದ ನರಳುವ ಹಸುಗೂಸುಗಳಿಗಾಗಿ ಅದು ಕೆನಡಾದ ಆಸ್ಪತ್ರೆಗಳಿಗೆ ಉಪಕರಣ ಕೊಡಿಸುತ್ತದೆ.