ಎದೆಯೊಳಗಿನ ಪಿಸುಮಾತು

ಗೋಲಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳಿಸುತ್ತದೆ. ವಿಜಯಪುರದ ಮಕ್ಕಳಿಗೆ ಇದು ಹೊಸದಲ್ಲ. ಎದೆಯೊಳಗೂ ಅಂಥದೊಂದು ಪಿಸುಮಾತು ಇರುವುದುಂಟು. ಎದೆಯ ಸದ್ದು ಆಲಿಸಲೆಂದು 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿದ. ಸ್ಟೆತಸ್ಕೋಪ್ ಹುಟ್ಟಿದ್ದು ಹೀಗೆ.

ಕವಾಟಗಳು ಮುಚ್ಚುವಾಗಿನ 'ಲಬ್-ಡಬ್' ಹೃದಯದ ಸಹಜ ಸದ್ದು. ಅದರ ನಡುವೆ 'ಸುಯ್' ಎಂದು ಕೇಳಿಸಿದರೆ ವೈದ್ಯರು ಮರ್ಮರ್ ಎನ್ನುತ್ತಾರೆ. ಶಾಲಾ ತಪಾಸಣೆಯಲ್ಲಿ ಈ ಮಾತು ಕೇಳಿದೊಡನೆ ಹೆತ್ತವರ ಎದೆ ಧಸಕ್ಕೆನ್ನುತ್ತದೆ. ಗಾಬರಿ ಬೇಡ, ಆರೋಗ್ಯವಂತ ಮಕ್ಕಳಲ್ಲೂ ಈ ಸದ್ದು ಸಾಮಾನ್ಯ. ಹಾಗೆಂದು ಉಪೇಕ್ಷೆಯೂ ಸಲ್ಲದು.

ತಿಕೋಟಾ, ಬಬಲೇಶ್ವರ ಸುತ್ತಿನ ತೋಟಗಳಲ್ಲಿ ನೀರಿನ ಪೈಪಿಗೆ ಸೂಜಿಮೊನೆಯಷ್ಟು ತೂತು ಬಿದ್ದರೆ ಬುಸುಗುಟ್ಟುತ್ತದೆ. ಪೈಪೇ ಒಡೆದರೆ ಆ ಬುಸುಗುಡುವಿಕೆ ಇಲ್ಲ. ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲೂ ಹಾಗೆಯೇ. ಸಣ್ಣ ರಂಧ್ರದ ಸದ್ದು ಜೋರು ಎಂಬುದನ್ನು ಫ್ರಾನ್ಸಿನ ವೈದ್ಯ ಆಂರಿ ರೋಜೆ 1879ರಲ್ಲಿ ವಿವರಿಸಿದ. ಬಹಳ ದೊಡ್ಡ ರಂಧ್ರದ ಸದ್ದು ಕ್ಷೀಣವಾಗಿರಬಹುದು.

ರಂಧ್ರ ಮಹಾಪಧಮನಿಯ ಕವಾಟಕ್ಕೆ ತಾಗಿಕೊಂಡಿದ್ದರೆ ಕತೆ ಇನ್ನೂ ಜಟಿಲ. ವೇಗವಾಗಿ ಹರಿಯುವ ದ್ರವದಲ್ಲಿ ಒತ್ತಡ ಕಡಿಮೆ. ಇದು ಪಾಠದಲ್ಲಿ ಓದುವ ಬರ್ನೌಲಿ ತತ್ವ. ಆ ಸೆಳೆತಕ್ಕೆ ಕವಾಟದ ದಳ ರಂಧ್ರದತ್ತ ಜೋಲಬಹುದು, ಅದನ್ನು ಕೊಂಚ ಮುಚ್ಚಲೂಬಹುದು. 'ತೂತು ಸಣ್ಣದಾಯಿತು' ಎಂದು ಮನೆಯವರು ಹಿಗ್ಗುವ ಹೊತ್ತಿಗೆ ಕವಾಟ ಸೋರತೊಡಗಿದ್ದೀತು. ಆಗ 'ಡಬ್' ಆದ ಮೇಲೆ ಇನ್ನೊಂದು ಮೆಲುದನಿ ಸೇರುತ್ತದೆ. ಮಗು ಆಡಿಕೊಂಡೇ ಇರುತ್ತದೆ. ಹೃದಯದ ಎಡಕೋಣೆ ಮಾತ್ರ ಸೋರಿ ಬಂದ ರಕ್ತವನ್ನು ಮತ್ತೆ ಮತ್ತೆ ತಳ್ಳಿ ದಣಿಯುತ್ತದೆ. ಸಕಾಲದಲ್ಲಿ ರಂಧ್ರ ಮುಚ್ಚಿದರೆ ಕವಾಟ ಉಳಿಯುವ ಸಂಭವ ಹೆಚ್ಚು. ತಡವಾದರೆ ಕವಾಟವನ್ನೇ ಬದಲಿಸಬೇಕಾದೀತು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ಬರೆದುಕೊಟ್ಟ ಚೀಟಿ ದೇವರ ಪಟದ ಹಿಂದೆ ಉಳಿಯಬಾರದು. ಮಗಳ ಮದುವೆಗೆ ತೊಡಕಾದೀತೆಂದು ಮುಚ್ಚಿಡುವವರೂ ಉಂಟು. ಮುಚ್ಚಿಟ್ಟರೆ ಕವಾಟದ ಸೋರಿಕೆ ನಿಲ್ಲದು.

ಎದೆಯ ಮೇಲೆ ಮಾಡುವ ಎಕೋ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಅದೂ ಶಬ್ದದ ಅಲೆಯೇ. ಕಿವಿಗೆ ಕೇಳಿಸದ ಅಲೆ. ಗೋಡೆಯ ರಂಧ್ರವನ್ನೂ ಕವಾಟದ ಸೋರಿಕೆಯನ್ನೂ ಅದು ತೆರೆಯ ಮೇಲೆ ತೋರಿಸುತ್ತದೆ. ಒಮ್ಮೆ ತೋರಿಸಿ ಬಂದರೆ ಸಾಲದು. ಮಗು ಚೆನ್ನಾಗಿಯೇ ಇದ್ದರೂ ವೈದ್ಯರು ಹೇಳಿದ ದಿನಕ್ಕೆ ಮತ್ತೆ ಬಸ್ಸು ಹತ್ತಬೇಕು.